ಕೀಮೋ ಮತ್ತು ಹೊಟ್ಟೆ: 21 ದಿನದ ಲೆಕ್ಕ ಇಡುವುದು ಹೇಗೆ

ಕೀಮೋ ಶುರುವಾಗಲಿರುವ ಹೆಂಗಸರಿಗೆ ಮತ್ತು ಅವರ ಜೊತೆ ಆಸ್ಪತ್ರೆಗೆ ಓಡಾಡುವ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಮಾತು ಸ್ತನ ಕ್ಯಾನ್ಸರಿನ ಕೀಮೋ ಬಗ್ಗೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸುವುದು ಅದೇ. ಅಂಡಾಶಯ ಮತ್ತು ಗರ್ಭಕೊರಳಿನ ಕ್ಯಾನ್ಸರಿನವರಿಗೆ ಬೇರೆ ಹೇಳಬೇಕಾದ್ದು ಇದ್ದಲ್ಲಿ ಅಲ್ಲಲ್ಲೇ ಹೇಳುತ್ತೇನೆ.

ಕೀಮೋದಿಂದ ಹೊಟ್ಟೆಗೆ ಆಗುವ ತೊಂದರೆಗಳಲ್ಲಿ ಬಹುಪಾಲಿಗೆ ಔಷಧಿ ಇದೆ. ಆದರೆ ಡಾಕ್ಟರಿಗೆ ಗೊತ್ತಾಗಬೇಕು. ಕೂದಲು ಉದುರಿದ್ದನ್ನು ನಮ್ಮ ಹೆಂಗಸರು ಹೇಳಿಕೊಳ್ಳುತ್ತಾರೆ, ಮೋಷನ್ ವಿಷಯ ಬಾಯಿ ಬಿಡುವುದಿಲ್ಲ. ನನ್ನ ಚಿಕ್ಕಮ್ಮನೂ ಹಾಗೇ. "ಹೊಟ್ಟೆ ಹೇಗಿದೆಯಮ್ಮ?" ಅಂತ ಡಾಕ್ಟರು ಕೇಳಿದರೆ "ಪರವಾಗಿಲ್ಲ ಸಾರ್" ಅಂದುಬಿಟ್ಟರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ನಾಲ್ಕೈದು ದಿನದಿಂದ ಆಗೇ ಇಲ್ಲ ಕಣೇ" ಅಂದರು. ಮತ್ತೆ ಒಳಗೆ ಕರೆದುಕೊಂಡು ಹೋದೆ. ಎರಡು ಮಾತು, ಒಂದು ಸಿರಪ್ಪು, ಮಾರನೇ ದಿನಕ್ಕೆ ಸರಿಹೋಯಿತು. ಹೇಳದೇ ಹೋಗಿದ್ದರೆ ಇನ್ನೂ ಎಷ್ಟು ದಿನ ಒದ್ದಾಡುತ್ತಿದ್ದರೋ.

ಕರುಳಿಗೇ ಯಾಕೆ ಪೆಟ್ಟು?

ಕ್ಯಾನ್ಸರ್ ಜೀವಕೋಶಗಳು ಬೇಗ ಬೇಗ ಒಡೆದು ಎರಡಾಗುತ್ತವೆ. ಕೀಮೋ ಔಷಧಿಗಳು ಹೊಡೆಯುವುದು ಹಾಗೆ ಬೇಗ ಹೆಚ್ಚುವ ಕೋಶಗಳನ್ನೇ. ನಮ್ಮ ಮೈಯಲ್ಲಿ ಅಷ್ಟೇ ಚುರುಕಾಗಿ ಹೆಚ್ಚುವ ಒಳ್ಳೆಯ ಕೋಶಗಳೂ ಇವೆ: ಕೂದಲಿನ ಬುಡದವು, ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆಯವು, ಬಾಯಿಂದ ಗುದದವರೆಗಿನ ಒಳಪೊರೆಯವು. ಸಣ್ಣ ಕರುಳಿನ ಒಳಪೊರೆ ಸುಮಾರು 3ರಿಂದ 5 ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಕೀಮೋ ಬಿದ್ದಾಗ ಹಳೆಯ ಕೋಶ ಉದುರುತ್ತದೆ, ಹೊಸದು ಹುಟ್ಟುವುದು ತಡವಾಗುತ್ತದೆ. ಆಗ ಬಾಯಲ್ಲಿ ಹುಣ್ಣು, ಹೊಟ್ಟೆಯಲ್ಲಿ ಉರಿ, ಭೇದಿ. ಕರುಳಲ್ಲಿ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳ ಲೆಕ್ಕವೂ ಏರುಪೇರಾಗುತ್ತದೆ. ಪೊರೆ ಬೇಗ ಹುಟ್ಟುವ ಜಾತಿಯದಾದ್ದರಿಂದ ರಿಪೇರಿಯೂ ಬೇಗ ಆಗುತ್ತದೆ. ಎರಡು ಕೀಮೋ ನಡುವೆ ಬಿಡುವು ಕೊಡುವುದು ಇದಕ್ಕೂ ಸೇರಿಸಿಯೇ.

ವಾಂತಿಯ ದಾರಿ ಬೇರೆ. ಔಷಧಿ ಕರುಳಿನ ಕೆಲವು ಕೋಶಗಳಿಂದ ಸೆರಟೋನಿನ್ ಎಂಬ ರಾಸಾಯನಿಕ ಬಿಡುಗಡೆ ಮಾಡಿಸುತ್ತದೆ. ಅದು ನರದ ಮೂಲಕ ಮಿದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಈ ತೊಂದರೆ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಬಸುರಿಯಾಗಿದ್ದಾಗ ತುಂಬಾ ವಾಂತಿ ಮಾಡಿಕೊಂಡವರಿಗೆ, ಘಾಟಿ ರಸ್ತೆಯಲ್ಲಿ ಬಸ್ಸು ಹತ್ತಿದರೆ ತಲೆ ತಿರುಗುವವರಿಗೆ. ನಿಮಗೆ ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲ ಕೀಮೋಗೆ ಮುಂಚೆಯೇ ಹೇಳಿ. ಔಷಧಿಯನ್ನು ಅದಕ್ಕೆ ತಕ್ಕಂತೆ ಬರೆಯುತ್ತಾರೆ.

ಶುರುವಾಗುವ ಮೊದಲು

ನಿಮಗೆ ಕೊಡುತ್ತಿರುವ ಔಷಧಿಗಳ ಹೆಸರು ಬರೆಸಿಕೊಳ್ಳಿ. ಸ್ತನ ಕ್ಯಾನ್ಸರಿಗೆ ಬಹಳ ಸಲ ಮೊದಲು ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಡೊಸಿಟ್ಯಾಕ್ಸೆಲ್ ಕೊಡುತ್ತಾರೆ. ಮೊದಲ ಜೋಡಿಯಲ್ಲಿ ವಾಕರಿಕೆ ಜಾಸ್ತಿ. ಡೊಸಿಟ್ಯಾಕ್ಸೆಲ್‌ನಲ್ಲಿ ಭೇದಿ, ಬಾಯಿಹುಣ್ಣು ಹೆಚ್ಚು. ಕೆಪಿಸಿಟಬಿನ್ ಮಾತ್ರೆಯಲ್ಲಿ ಭೇದಿಯೇ ದೊಡ್ಡ ಕಾಟ. ಅಂಡಾಶಯದ ಕ್ಯಾನ್ಸರಿಗೆ ಸಾಮಾನ್ಯವಾಗಿ ಕಾರ್ಬೊಪ್ಲಾಟಿನ್ ಜೊತೆ ಪ್ಯಾಕ್ಲಿಟ್ಯಾಕ್ಸೆಲ್. ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯೇಷನ್ ನಡೆಯುವಾಗ ವಾರಕ್ಕೊಮ್ಮೆ ಸಿಸ್ಪ್ಲಾಟಿನ್. ಪಕ್ಕದ ಬೆಡ್ಡಿನವರಿಗೆ ಆದದ್ದೇ ನಿಮಗೂ ಆಗಬೇಕೆಂದಿಲ್ಲ, ಔಷಧಿ ಬೇರೆ ಇರಬಹುದು.

ಮೂಲವ್ಯಾಧಿ, ಗುದದ ಬಿರುಕು, ಹುಳಿತೇಗು, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಸ್ಟೀರಾಯ್ಡ್. ಅದರಿಂದ ಸಕ್ಕರೆ ಏರುತ್ತದೆ, ಹೊಟ್ಟೆಯಲ್ಲಿ ಉರಿ ಬರಬಹುದು, ನಿದ್ದೆ ಕೆಡುತ್ತದೆ. ಮನೆಯಲ್ಲಿ ಕೊಡುವ ಡೋಸನ್ನು ಬೆಳಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ಹಲ್ಲಿನಲ್ಲಿ ಹುಳುಕು, ವಸಡಿನಲ್ಲಿ ಕೀವು ಇದ್ದರೆ ಮೊದಲೇ ತೋರಿಸಿ.

ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಮೆತ್ತನೆ ಬ್ರಶ್, ರಾತ್ರಿ ಹೊತ್ತು ಫೋನ್ ಎತ್ತುವ ಆಸ್ಪತ್ರೆಯ ನಂಬರ್ ಇರಲಿ. ಮತ್ತೆ ಒಂದು ನೋಟ್‌ಬುಕ್.

ಆ ನೋಟ್‌ಬುಕ್ಕೇ ಮುಖ್ಯ. ಹೊಟ್ಟೆಯ ತೊಂದರೆಗಳು ಹೇಗೆಂದರೆ ಹಾಗೆ ಬರುವುದಿಲ್ಲ, ಪ್ರತಿಯೊಂದಕ್ಕೂ ಹೆಚ್ಚುಕಡಿಮೆ ಒಂದು ಸಮಯ ಇದೆ. ಒಂದು ಸೈಕಲ್, ಅಂದರೆ ಒಂದು ಕೀಮೋದಿಂದ ಮುಂದಿನ ಕೀಮೋವರೆಗಿನ ದಿನಗಳು (ಮೂರು ವಾರಕ್ಕೊಮ್ಮೆ ಕೊಡುವುದಾದರೆ 21 ದಿನ), ಬರೆದಿಟ್ಟರೆ ಮುಂದಿನದಕ್ಕೆ ಸಿದ್ಧರಾಗಬಹುದು. ಕೀಮೋ ಆದ ದಿನವನ್ನು 1 ಅಂತ ಬರೆಯಿರಿ. ದಿನಕ್ಕೆ ಮೂರ್ನಾಲ್ಕು ಸಾಲು ಸಾಕು. ಒಂದು ಪುಟ ಹೀಗಿರಬಹುದು:

"ದಿನ 4. ವಾಕರಿಕೆ ಬೆಳಗ್ಗೆ ಮಾತ್ರ, ವಾಂತಿ ಇಲ್ಲ. ಮೋಷನ್ ಇಲ್ಲ, 2ನೇ ದಿನ. ಇಡ್ಲಿ ಒಂದೂವರೆ, ಮಜ್ಜಿಗೆ 2 ಲೋಟ, ನೀರು 5 ಲೋಟ. ಜ್ವರ 98.4. ಬಾಯಿ ಸರಿ ಇದೆ."

"ಸ್ವಲ್ಪ ಲೂಸ್ ಆಗ್ತಿದೆ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ನಿನ್ನೆ ಬೆಳಗ್ಗೆಯಿಂದ 6 ಸಲ, ನೀರಿನ ಹಾಗೆ" ಅಂದರೆ ಕೂಡಲೇ ನಿರ್ಧಾರ ಮಾಡುತ್ತಾರೆ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಪುಟ ತೆರೆದು ಮುಂದೆ ಇಡಿ.

ಮೊದಲ ಐದು ದಿನ: ವಾಕರಿಕೆ

ಕೀಮೋ ಆದ 24 ಗಂಟೆಯೊಳಗೆ ಬರುವ ವಾಂತಿ ಒಂದು ಬಗೆ. ಎರಡನೇ ದಿನದಿಂದ ಐದನೇ ದಿನದವರೆಗೆ ಕಾಡುವುದು ಇನ್ನೊಂದು. ಮೊದಲ ದಿನ ಆರಾಮಾಗಿತ್ತು ಅಂತ ಮಾತ್ರೆ ಬಿಟ್ಟವರೇ ಮೂರನೇ ದಿನ ನೆಲ ಹಿಡಿಯುತ್ತಾರೆ. ವಾಕರಿಕೆ ಬರಲಿ ನೋಡೋಣ ಅಂತ ಕಾಯಬೇಡಿ. ಬರೆದುಕೊಟ್ಟಷ್ಟು ದಿನ, ಬರೆದುಕೊಟ್ಟ ಹೊತ್ತಿಗೆ ನುಂಗಿ. ಶುರುವಾದ ವಾಂತಿಯನ್ನು ನಿಲ್ಲಿಸುವುದಕ್ಕಿಂತ ಬರದಂತೆ ತಡೆಯುವುದು ಸುಲಭ.

ವಾಂತಿ ತಡೆಯುವ ಔಷಧಿಗಳಲ್ಲಿ ಒಂಡಾನ್ಸೆಟ್ರಾನ್, ಗ್ರಾನಿಸೆಟ್ರಾನ್, ಪ್ಯಾಲೊನೊಸೆಟ್ರಾನ್ ಒಂದು ಗುಂಪು. ಅಪ್ರೆಪಿಟೆಂಟ್ ಇನ್ನೊಂದು. ಓಲಾಂಜಪಿನ್ ಮತ್ತೊಂದು. ಈ ಕೊನೆಯದು ವಾಕರಿಕೆಗೆ ಬಹಳ ಒಳ್ಳೆಯದು, ಆದರೆ ನಿದ್ದೆ ಎಳೆಯುತ್ತದೆ. ಕೆಲವರು ಮಾರನೇ ದಿನ ಮಧ್ಯಾಹ್ನದವರೆಗೂ ಏಳುವುದಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ 10 ಮಿಲಿಗ್ರಾಂ ಮತ್ತು 2.5 ಮಿಲಿಗ್ರಾಂ ಡೋಸ್‌ಗಳನ್ನು ಹೋಲಿಸಿ ನೋಡಿದ್ದಾರೆ. ಅದರಲ್ಲಿ ಭಾಗವಹಿಸಿದ ಹೆಚ್ಚಿನವರು ಸ್ತನ ಕ್ಯಾನ್ಸರಿನ ಹೆಂಗಸರು. ಚಿಕ್ಕ ಡೋಸ್ ವಾಂತಿಯನ್ನು ಅಷ್ಟೇ ಚೆನ್ನಾಗಿ ತಡೆಯಿತು, ನಿದ್ದೆಯ ಮಂಪರು ಕಡಿಮೆ ಇತ್ತು. ಇದು 2024ರಲ್ಲಿ ಪ್ರಕಟವಾಗಿದೆ. ಹಾಗಾಗಿ ಮಂಪರು ತಡೆಯಲಾಗದಿದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡೋಸ್ ಕಡಿಮೆ ಮಾಡಬಹುದಾ ಅಂತ ಕೇಳಿ.

ಈ ದಿನಗಳಲ್ಲಿ ಅಡುಗೆಮನೆಯ ಒಗ್ಗರಣೆ ವಾಸನೆಯೇ ಸಾಕು, ಹೊಟ್ಟೆ ತೊಳಸುತ್ತದೆ. ಅಡುಗೆ ಬೇರೆಯವರು ಮಾಡಲಿ. ಬಿಸಿಬಿಸಿ ಸಾರಿಗಿಂತ ಆರಿದ ಊಟ ಇಳಿಯುತ್ತದೆ, ಏಕೆಂದರೆ ಅದಕ್ಕೆ ವಾಸನೆ ಕಡಿಮೆ. ಮೊಸರನ್ನ, ಇಡ್ಲಿ, ಒಣ ಅವಲಕ್ಕಿ, ರಸ್ಕು, ಗಂಜಿಗೆ ಚೂರು ಉಪ್ಪು. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ ನಡುನಡುವೆ ಗುಟುಕರಿಸಿ. ಇಷ್ಟದ ತಿಂಡಿಯನ್ನು ಕೀಮೋ ದಿನ ತಿನ್ನಬೇಡಿ. ಆವತ್ತು ವಾಂತಿಯಾದರೆ ಆ ತಿಂಡಿಯೇ ಆಮೇಲೆ ಸೇರುವುದಿಲ್ಲ. ಬಾಯಲ್ಲಿ ಕಬ್ಬಿಣದ ರುಚಿ ಬರುತ್ತಿದ್ದರೆ ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್‌ದೋ ಬಳಸಿ ನೋಡಿ.

ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ರಕ್ತ ಅಲ್ಲ, ಗಾಬರಿ ಬೇಡ.

24 ಗಂಟೆಯಲ್ಲಿ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಮನೆಯಲ್ಲಿ ಕೂರಬೇಡಿ.

ಮಲಬದ್ಧತೆ: ಯಾರೂ ಎಚ್ಚರಿಸದ ತೊಂದರೆ

ಕೀಮೋ ಅಂದರೆ ಭೇದಿ ಅಂತ ಎಲ್ಲರೂ ಕಾಯುತ್ತಿರುತ್ತಾರೆ. ಮೊದಲ ವಾರ ಆಗುವುದು ಅನೇಕರಿಗೆ ಅದರ ಉಲ್ಟಾ. ಕಾರಣ ಹಲವು ಸಲ ಕೀಮೋ ಅಲ್ಲ, ಜೊತೆಯ ಮಾತ್ರೆಗಳು. ಒಂಡಾನ್ಸೆಟ್ರಾನ್ ಗುಂಪಿನವು ವಾಂತಿ ತಡೆಯುವ ಹಾಗೆಯೇ ಕರುಳಿನ ಓಟವನ್ನೂ ನಿಧಾನ ಮಾಡುತ್ತವೆ. ಟ್ರಾಮಡಾಲ್, ಮಾರ್ಫಿನ್ ಥರದ ನೋವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಇದ್ದರೆ ಇನ್ನೂ ಕಷ್ಟ. ಊಟ ಕಡಿಮೆ, ನೀರು ಕಡಿಮೆ, ಓಡಾಟವೂ ಕಡಿಮೆ. ಎಲ್ಲ ಸೇರಿ ಹೊಟ್ಟೆ ಕಲ್ಲಾಗುತ್ತದೆ. ಆಮೇಲೆ ಅದೇ ಕಾರಣಕ್ಕೆ ವಾಕರಿಕೆ ಹೆಚ್ಚುತ್ತದೆ, ವಾಕರಿಕೆ ಅಂತ ಇನ್ನೊಂದು ಒಂಡಾನ್ಸೆಟ್ರಾನ್ ನುಂಗುತ್ತಾರೆ. ಈ ಸುತ್ತಿನಲ್ಲಿ ಸಿಕ್ಕಿಬೀಳುವ ಹೆಂಗಸರು ಬಹಳ.

ಮೊದಲ ಸೈಕಲ್‌ನಲ್ಲಿ ಹೀಗಾದರೆ ಎರಡನೆಯದಕ್ಕೆ ಮುಂಚೆಯೇ ಹೇಳಿ. ಲ್ಯಾಕ್ಟುಲೋಸ್ ಸಿರಪ್, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಬಿಸಾಕೊಡಿಲ್ ಮಾತ್ರೆ ಹೀಗೆ ಒಂದನ್ನು ಕೀಮೋ ದಿನದಿಂದಲೇ ಶುರು ಮಾಡಿಸುತ್ತಾರೆ. ಎರಡು ದಿನ ಆಗದಿದ್ದರೆ ಫೋನ್ ಮಾಡಿ, ಐದನೇ ದಿನಕ್ಕೆ ಕಾಯಬೇಡಿ.

ಮನೆಯಲ್ಲಿ ಮಾಡುವುದು: ಬೆಳಗ್ಗೆ ಎದ್ದ ಕೂಡಲೇ ಒಂದು ದೊಡ್ಡ ಲೋಟ ಬೆಚ್ಚಗಿನ ನೀರು, ಆಮೇಲೆ ಅಂಗಳದಲ್ಲೋ ವರಾಂಡದಲ್ಲೋ ಹತ್ತು ನಿಮಿಷ ನಡಿಗೆ. ರಾತ್ರಿ ನೆನೆಸಿದ ಒಣದ್ರಾಕ್ಷಿ, ಪರಂಗಿ ಹಣ್ಣು, ಚೆನ್ನಾಗಿ ಬೇಯಿಸಿದ ಸೊಪ್ಪು. ತಿಂಡಿಯಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಅವಸರವಿಲ್ಲದೆ ಕುಳಿತುಕೊಳ್ಳಿ. ವೆಸ್ಟರ್ನ್ ಕಮೋಡ್ ಆದರೆ ಕಾಲಡಿ ಒಂದು ಗಿಡ್ಡ ಮಣೆ ಇಟ್ಟು ಮಂಡಿ ಮೇಲೆ ಬರುವಂತೆ ಮಾಡಿ. ಈಸಬ್‌ಗೋಲ್ ತೆಗೆದುಕೊಂಡರೆ ನೀರು ಧಾರಾಳ ಕುಡಿಯಲೇಬೇಕು, ಇಲ್ಲವಾದರೆ ಅದೇ ಗಂಟಾಗುತ್ತದೆ.

ಮಾಡಬಾರದ್ದು ಒಂದಿದೆ, ದಯವಿಟ್ಟು ನೆನಪಿಡಿ. ಮನೆಯಲ್ಲಿ ಎನಿಮಾ ಕೊಡುವುದು, ಗುದದೊಳಗೆ ಮಾತ್ರೆ ಇಡುವುದು, ಬೆರಳು ಹಾಕಿ ತೆಗೆಯುವುದು ಬೇಡ. ಕೌಂಟ್ (ರಕ್ತದಲ್ಲಿನ ಬಿಳಿ ರಕ್ತಕಣಗಳ ಲೆಕ್ಕ) ಕಡಿಮೆ ಇದ್ದಾಗ ಅಲ್ಲಿ ಆಗುವ ಸಣ್ಣ ಗಾಯದಿಂದಲೂ ಸೋಂಕು ರಕ್ತಕ್ಕೆ ಸೇರಬಹುದು. ಡಾಕ್ಟರು ಕೌಂಟ್ ನೋಡಿ ಹೇಳಿದರೆ ಮಾತ್ರ.

ಅಂಡಾಶಯದ ಕ್ಯಾನ್ಸರಿನವರಿಗೆ ಇನ್ನೊಂದು ಎಚ್ಚರಿಕೆ. ಗಡ್ಡೆ ಕರುಳನ್ನು ಒತ್ತಿ ದಾರಿಯೇ ಮುಚ್ಚಬಹುದು. ಮೋಷನ್ ಜೊತೆ ಗಾಳಿಯೂ ಹೋಗುತ್ತಿಲ್ಲ, ಹೊಟ್ಟೆ ಉಬ್ಬಿದೆ, ಹಿಂಡಿದಂತೆ ನೋವು ಬಂದು ಬಂದು ಹೋಗುತ್ತಿದೆ, ವಾಂತಿಯಾಗುತ್ತಿದೆ ಅಂದರೆ ಮೋಷನ್ ಆಗಲು ಕೊಡುವ ಮಾತ್ರೆ, ಸಿರಪ್ಪು ಕೊಡಲೇಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಎರಡನೇ ವಾರ: ಬಾಯಿಹುಣ್ಣು, ಜ್ವರ

ಮೂರು ವಾರಕ್ಕೊಮ್ಮೆ ಕೊಡುವ ಕೀಮೋದಲ್ಲಿ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಬಾಯಿ, ಕರುಳಿನ ಪೊರೆ ತೆಳುವಾಗಿರುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಕರುಳಿನ ಒಳಗಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳಲು ಇದು ಸಲೀಸು. ಅದಕ್ಕೇ ಈ ವಾರ ಜ್ವರವನ್ನು ಸುಮ್ನೆ ಬಿಡುವಂತಿಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎನ್ನುವುದು ಅಪಾಯ. ಅದು ಜ್ವರವನ್ನು ಮರೆಮಾಚುತ್ತದೆ, ಸೋಂಕು ಒಳಗೆ ಬೆಳೆಯುತ್ತಿರುತ್ತದೆ. ಜ್ವರದ ಜೊತೆ ಹೊಟ್ಟೆಯ ಬಲಗಡೆ ಕೆಳಗೆ ನೋವಿದ್ದರೆ ಕರುಳಿಗೇ ಸೋಂಕು ತಗುಲಿರಬಹುದು. ಅದನ್ನು ಮೊದಲ ಮಾತಲ್ಲೇ ಹೇಳಿ.

ಬಾಯಿಗೆ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು. ದಿನಕ್ಕೆ ನಾಲ್ಕೈದು ಸಲ, ಊಟ ಆದ ಮೇಲೆ ತಪ್ಪದೆ ಮುಕ್ಕಳಿಸಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿಸುತ್ತದೆ, ಬೇಡ. ಖಾರ, ಹುಣಸೆಹುಳಿ, ಚಕ್ಕುಲಿ ಥರದ ಗಟ್ಟಿ ತಿಂಡಿ ಕೆಲವು ದಿನ ದೂರ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದರೆ ಅದು ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ.

ಊಟದ ವಿಷಯದಲ್ಲಿ ನೆಂಟರಿಷ್ಟರು ನೂರು ಪಥ್ಯ ಹೇಳುತ್ತಾರೆ. ಹಣ್ಣು, ಮೊಸರು ಎಲ್ಲ ಬಿಟ್ಟು ಬರೀ ಬೇಯಿಸಿದ ಸಪ್ಪೆ ಊಟ ಮಾಡಿದರೆ ಸೋಂಕು ಬರುವುದಿಲ್ಲ ಎನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬೇಕಾಗಿರುವುದು ಶುಚಿ. ಕುದಿಸಿ ಆರಿಸಿದ ನೀರು. ಆಗಷ್ಟೇ ಮಾಡಿದ ಅಡುಗೆ. ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು. ಚೆನ್ನಾಗಿ ತೊಳೆದು ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ. ಮೊಟ್ಟೆ, ಮಾಂಸ ತಿನ್ನುವವರು ಪೂರ್ತಿ ಬೇಯಿಸಿಕೊಂಡು ತಿನ್ನಿ, ಪ್ರೋಟೀನ್ ಬೇಕೇ ಬೇಕು. ಹಸಿ ಕೋಸಂಬರಿ, ಮೊಳಕೆಕಾಳು, ಬೀದಿ ಬದಿ ಕತ್ತರಿಸಿಟ್ಟ ಹಣ್ಣು, ಪಾನಿಪೂರಿ, ಕಬ್ಬಿನ ಹಾಲು ಈ ವಾರ ಬೇಡ. ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಕೌಂಟ್ ಇಳಿದಾಗ ಕೇಳದೆ ತೆಗೆದುಕೊಳ್ಳಬೇಡಿ.

ಭೇದಿ ಶುರುವಾದರೆ

ಮೊದಲು ಎಣಿಸಿ. ಮಾಮೂಲಿಗಿಂತ ಒಂದೆರಡು ಸಲ ಜಾಸ್ತಿ ಆದರೆ ಮನೆಯಲ್ಲೇ ನೋಡಿಕೊಳ್ಳಬಹುದು. ನಾಲ್ಕು ಸಲ ಜಾಸ್ತಿ ಆದರೆ ಫೋನ್ ಮಾಡಿ. ಮಾಮೂಲಿಗಿಂತ ಏಳು ಅಥವಾ ಅದಕ್ಕೂ ಹೆಚ್ಚು ಸಲ ಜಾಸ್ತಿ ಆದರೆ, ರಕ್ತ ಬಂದರೆ, ಜ್ವರ ಇದ್ದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ ಆಸ್ಪತ್ರೆ. ಕೆಪಿಸಿಟಬಿನ್ ಮಾತ್ರೆ ಮನೆಯಲ್ಲೇ ನುಂಗುತ್ತಿರುವವರು ನಾಲ್ಕರ ಗಡಿ ಮುಟ್ಟಿದ ಕೂಡಲೇ ಮುಂದಿನ ಡೋಸ್‌ಗೆ ಮೊದಲು ಡಾಕ್ಟರನ್ನು ಕೇಳಿ. "ಡೋಸ್ ತಪ್ಪಿದರೆ ಕ್ಯಾನ್ಸರ್ ಹೆಚ್ಚುತ್ತೆ" ಅಂತ ಹೆದರಿ ನುಂಗುತ್ತಾ ಹೋದವರಿಗೇ ಜಾಸ್ತಿ ಹಾನಿಯಾಗುವುದು.

ಲೋಪೆರಮೈಡ್ ಒಳ್ಳೆಯ ಮಾತ್ರೆ. ಸಾಮಾನ್ಯ ಕ್ರಮ: ಮೊದಲು 4 ಮಿಲಿಗ್ರಾಂ, ಆಮೇಲೆ ಪ್ರತಿ ಭೇದಿಗೆ 2 ಮಿಲಿಗ್ರಾಂ, ದಿನಕ್ಕೆ ಒಟ್ಟು 16 ಮಿಲಿಗ್ರಾಂ ಮೀರುವಂತಿಲ್ಲ. ಜ್ವರ ಅಥವಾ ರಕ್ತ ಇದ್ದರೆ ಮುಟ್ಟಬೇಡಿ. ಇತ್ತೀಚೆಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ, ಆಗ ಭೇದಿಗೆ ಬೇರೆ ಸೋಂಕು ಕಾರಣ ಇರಬಹುದು.

ಓಆರ್‌ಎಸ್ ವಿಷಯದಲ್ಲಿ ಬಹಳ ಜನ ಮೋಸಹೋಗಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಡಬ್ಬಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚಬಹುದು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವು ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಬಾರದು ಎಂದು ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರುವ ಪುಡಿಯನ್ನೇ ಕೇಳಿ. 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಚಿಕ್ಕ ಪೊಟ್ಟಣ 200 ಮಿಲಿಲೀಟರಿಗೆ ಇರುತ್ತದೆ, ಮೇಲೆ ಬರೆದಿರುವುದನ್ನು ಓದಿ. ಅರ್ಧ ಪೊಟ್ಟಣ ಅಂದಾಜಿಗೆ ಸುರಿಯಬೇಡಿ. ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು. ಪುಡಿ ಇಲ್ಲದಿದ್ದರೆ ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಎಷ್ಟು ಕುಡಿಯಬಹುದು ಅಂತ ಕೇಳಿಕೊಳ್ಳಿ.

ಊಟಕ್ಕೆ ಬಿಳಿ ಅನ್ನ, ಗಂಜಿ, ಇಡ್ಲಿ, ತೆಳ್ಳಗಿನ ಹೆಸರುಬೇಳೆ ತೊವ್ವೆ, ಬಾಳೆಹಣ್ಣು, ನೀರು ಮಜ್ಜಿಗೆ. ಶಕ್ತಿ ಬರಲಿ ಅಂತ ಈ ಹೊತ್ತಿನಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಕಾಳುಪಲ್ಯ ಬಡಿಸುತ್ತಾರೆ. ಪ್ರೀತಿಯಿಂದಲೇ. ಆದರೆ ನಾರು ಜಾಸ್ತಿ, ನಾಲ್ಕು ದಿನ ತಡೆಯಿರಿ. ರಾಗಿ ಬೇಕೆಂದರೆ ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ತೆಳು ಅಂಬಲಿ ಆಗಬಹುದು. ಕೆಲವರಿಗೆ ಈ ದಿನಗಳಲ್ಲಿ ಹಾಲು ಅರಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಹಾಲಿನ ಸಕ್ಕರೆ ಕರಗಿಸುವ ಕಿಣ್ವ ಇರುವುದು ಅದೇ ಕರುಳಿನ ಪೊರೆಯಲ್ಲಿ. ಪೊರೆ ಸುಧಾರಿಸಿದ ಮೇಲೆ ಹಾಲೂ ಸೇರುತ್ತದೆ.

ಪದೇ ಪದೇ ತೊಳೆದು ಚರ್ಮ ಸುಲಿದಿರುತ್ತದೆ. ಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಜಿಂಕ್ ಮುಲಾಮು ಹಚ್ಚಿ. ಹೆಂಗಸರು ಯಾವಾಗಲೂ ಮುಂದಿನಿಂದ ಹಿಂದಕ್ಕೇ ತೊಳೆಯಬೇಕು. ಇಲ್ಲದಿದ್ದರೆ ಭೇದಿಯ ಜೊತೆ ಮೂತ್ರದ ಸೋಂಕೂ ಅಂಟಿಕೊಳ್ಳುತ್ತದೆ.

ಟಾಯ್ಲೆಟ್ ಮತ್ತು ಮನೆಮಂದಿ

ಕೀಮೋ ಆದ ಮೇಲೆ ಸುಮಾರು 48 ಗಂಟೆ ಮಲ, ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ಇಂಡಿಯನ್ ಟಾಯ್ಲೆಟ್ ಆದರೆ ಸಿಡಿಯದಂತೆ ನಿಧಾನವಾಗಿ ಧಾರಾಳ ನೀರು ಹಾಕಿ. ವಾಂತಿ ಬಳಿಯುವವರು ಗ್ಲೌಸ್ ಹಾಕಿಕೊಳ್ಳಲಿ. ಬಸುರಿಯರಿಗೆ ಈ ಕೆಲಸ ಕೊಡಬೇಡಿ. ಹಾಗಂತ ಕಾಯಿಲೆಯವರ ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡಬೇಕಿಲ್ಲ. ಮೊಮ್ಮಗು ತೊಡೆಯ ಮೇಲೆ ಕೂರಬಹುದು.

ಕಷಾಯ, ಪುಡಿ, ಲೇಹ್ಯ

ಶುಂಠಿ, ಜೀರಿಗೆ ಅಡುಗೆಯಲ್ಲಿ ಹಾಕುವಷ್ಟು ಬಳಸಬಹುದು. ಅಮೃತಬಳ್ಳಿಯ ಮಾತು ಬೇರೆ. ಅದನ್ನು ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎರಡನ್ನೂ ದೇಹ ಕಳೆದುಕೊಳ್ಳುವುದು ಲಿವರ್ ಮೂಲಕವೇ. ಲಿವರ್ ಕೆಟ್ಟರೆ ಡೋಸ್ ಇಳಿಸಬೇಕಾಗುತ್ತದೆ, ಕೀಮೋ ಮುಂದೂಡಬೇಕಾಗುತ್ತದೆ. ಚಕ್ಕೋತ ಹಣ್ಣೂ ಕೆಲವು ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡಬಲ್ಲದು. ಏನೇ ಪುಡಿ, ಕಷಾಯ ಇದ್ದರೂ ಅದರ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಕೊನೆಯ ಕೀಮೋ ಮುಗಿದ ಮೇಲೆ

ಬಹುಪಾಲು ಹೆಂಗಸರಿಗೆ ಕೆಲವು ವಾರಗಳಲ್ಲಿ ಹೊಟ್ಟೆ ಹತೋಟಿಗೆ ಬರುತ್ತದೆ. ಸೊಪ್ಪು, ಕಾಳು, ಮುದ್ದೆಯನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ. ತೂಕದ ಮೇಲೆ ಕಣ್ಣಿರಲಿ. ಸ್ತನ ಕ್ಯಾನ್ಸರಿನ ಕೀಮೋದಲ್ಲಿ ಇಳಿಯುವುದಕ್ಕಿಂತ ಏರುವವರೇ ಅನೇಕರು. ಸ್ಟೀರಾಯ್ಡ್, ನಿಂತುಹೋದ ಮುಟ್ಟು, ಕಡಿಮೆಯಾದ ಓಡಾಟ ಎಲ್ಲವೂ ಅದಕ್ಕೆ ಕಾರಣ.

ಗರ್ಭಕೊರಳಿನ ಕ್ಯಾನ್ಸರಿಗೆ ಕಿಬ್ಬೊಟ್ಟೆಗೆ ರೇಡಿಯೇಷನ್ ತೆಗೆದುಕೊಂಡವರ ಕಥೆ ಸ್ವಲ್ಪ ಉದ್ದ. ಅವರಿಗೆ ಭೇದಿ ಸಾಮಾನ್ಯವಾಗಿ ರೇಡಿಯೇಷನ್‌ನ ಎರಡು ಮೂರನೇ ವಾರ ಶುರುವಾಗಿ, ಮುಗಿದು ಕೆಲವು ವಾರಕ್ಕೆ ಇಳಿಯುತ್ತದೆ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಕಾಣಿಸುತ್ತದೆ. ಊಟವಾದ ಕೂಡಲೇ ಓಡಬೇಕು, ಮದುವೆ ಮನೆಗೆ, ದೂರದ ಬಸ್ಸಿಗೆ ಹೋಗಲು ಭಯ. ಇದನ್ನು ಹಣೆಬರಹ ಅಂತ ಒಪ್ಪಿಕೊಂಡು ಮನೆಯಲ್ಲೇ ಉಳಿದುಬಿಡುವವರಿದ್ದಾರೆ. ಪಿತ್ತರಸ ಸರಿಯಾಗಿ ಹೀರಿಕೆಯಾಗದೆ ಹೀಗಾಗಿದ್ದರೆ ಅದಕ್ಕೆ ಕೊಲೆಸ್ಟಿರಮಿನ್ ಎಂಬ ಪುಡಿ ಇದೆ. ಬಿ12 ಕಡಿಮೆಯಾಗಿದ್ದರೆ ಇಂಜೆಕ್ಷನ್ ಇದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನಿಸಬೇಡಿ, ಒಳಗೆ ಕ್ಯಾಮೆರಾ ಹಾಕಿ ನೋಡಬೇಕಾಗುತ್ತದೆ. ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗುವಾಗ ರೇಡಿಯೇಷನ್ ಯಾವ ವರ್ಷ, ಎಷ್ಟು ದಿನ ಆಯಿತು ಎನ್ನುವ ಡಿಸ್ಚಾರ್ಜ್ ಕಾಗದ ಜೊತೆಗಿರಲಿ.